ಮಾರೋರ ಕೈ ಮೇಲಿರೋ ಹಾಗೆ ಒಪ್ಪಂದ ಬರೆಯೋದು ಹೇಗೆ?

ಶಿವಮೊಗ್ಗ, ಸಾಗರ ಕಡೆ ಅಡಿಕೆ ಹಾಳೆ ತಟ್ಟೆ ಮಾಡೋ ಚಿಕ್ಕ ಯೂನಿಟ್‌ನವರು ಎಷ್ಟೋ ಜನ ಫೋನಲ್ಲೇ ರೇಟ್ ಮಾತಾಡಿ, ವಾಟ್ಸಾಪಲ್ಲಿ ಆರ್ಡರ್ ಬಂದ್ ಕೂಡ್ಲೇ ಮುಂಬೈಗೆ ಲೋಡ್ ಕಳಿಸಿಬಿಡ್ತಾರೆ. ಜಗಳ ಬಂದ್ರೆ, ಬರೆಯದೇ ಬಿಟ್ಟ ಜಾಗವನ್ನೆಲ್ಲ 1930ರ ಸರಕು ಮಾರಾಟ ಕಾಯ್ದೆ ತುಂಬುತ್ತೆ, ಅದು ನಿಮಗೆ ಅನುಕೂಲ ಆಗ್ಲೇಬೇಕು ಅಂತೇನಿಲ್ಲ. ಆದ್ರೆ ಅದೇ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಇಬ್ಬರೂ ಒಪ್ಪಿ ಅದರ ಎಷ್ಟೋ ನಿಯಮ ಬದಲಾಯಿಸ್ಕೋಬಹುದು. ಅದಕ್ಕೇ ಬರೀರಿ ಅನ್ನೋದು.

ಮೊದಲು, ಕಾಗದ ನಿಮ್ಮದಿರಲಿ. ಕೊಳ್ಳೋರು ಕಳಿಸೋ ಪರ್ಚೇಸ್ ಆರ್ಡರ್ ಕೆಳಗೆ ಸಣ್ಣಕ್ಷರದ ಷರತ್ತುಗಳಿರುತ್ತೆ, ನೀವು ಬರೀ "ಓಕೆ" ಅಂದ್ರೆ ಅವೇ ನಿಮ್ಮನ್ನ ಕಟ್ಟಿಹಾಕಬಹುದು. ನಿಮ್ಮದೇ ಒಪ್ಪಂದ ಕಳಿಸಿ, "ಈ ಷರತ್ತುಗಳೇ ಅಂತಿಮ" ಅಂತ ಸೇರಿಸಿ, ಲೋಡ್ ಮಾಡೋ ಮೊದಲೇ ಸಹಿ ತಗೊಳ್ಳಿ.

ಆಮೇಲೆ ಸರಕಿನ ವಿವರ. ಹಾಳೆ ತಟ್ಟೆ ಒಂದರ ಹಾಗೆ ಇನ್ನೊಂದು ಇರಲ್ಲ, ಹಾಗಾಗಿ ಬಣ್ಣ, ಗೆರೆಯ ವ್ಯತ್ಯಾಸ ಸಹಜ, ಅಳತೆಲಿ ಇಷ್ಟು ಮಿಲಿಮೀಟರ್ ಹೆಚ್ಚುಕಮ್ಮಿ ನಡೆಯುತ್ತೆ ಅಂತ ಬರೀರಿ. ಸ್ಯಾಂಪಲ್ ನೋಡಿ ಆರ್ಡರ್ ಕೊಟ್ಟಿದ್ರೆ ಪೂರ್ತಿ ಸರಕು ಅದಕ್ಕೆ ಹೊಂದಬೇಕು ಅನ್ನುತ್ತೆ ಕಾನೂನು, ಅದಕ್ಕೇ ಇಬ್ಬರೂ ಸಹಿ ಹಾಕಿದ ಒಂದು ಸ್ಯಾಂಪಲ್ ನಿಮ್ಮ ಹತ್ರನೂ ಇರ್ಲಿ. ತಕರಾರು ಹೇಳೋಕೆ ಕಾಯ್ದೆ ಕೊಡೋದು "ಸಮಂಜಸ ಸಮಯ" ಅಷ್ಟೇ, ಅದು ಎಷ್ಟು ದಿನ ಅಂತ ಕೋರ್ಟಲ್ಲಿ ವಾದ ಮಾಡೋ ಬದಲು "ಸರಕು ಸೇರಿದ 3 ದಿನದೊಳಗೆ, ಫೋಟೋ ಜೊತೆ, ಬರಹದಲ್ಲಿ" ಅಂತ ಹಾಕಿ. ಒಣ ಜಾಗದಲ್ಲಿ ಇಡದೆ ಬೂಸ್ಟು ಹಿಡಿದ್ರೆ ಅದು ಕೊಂಡೋರ ಹೊಣೆ ಅಂತಾನೂ ಸೇರಿಸಿ.

ಇಡೀ ಒಪ್ಪಂದದಲ್ಲಿ ನನಗೆ ಅತಿ ಮುಖ್ಯ ಅನ್ಸೋದು ಮಾಲೀಕತ್ವ ಮತ್ತು ರಿಸ್ಕ್, ಅಂದ್ರೆ ಸರಕು ಹಾಳಾದ್ರೆ ನಷ್ಟ ಯಾರದ್ದು ಅನ್ನೋದು. ಬೇರೆ ಮಾತಿಲ್ಲದಿದ್ರೆ ಮಾಲೀಕತ್ವ ಎಲ್ಲಿದೆಯೋ ರಿಸ್ಕ್ ಅಲ್ಲೇ ಇರುತ್ತೆ (26ನೇ ಸೆಕ್ಷನ್), ಸರಕಿನ ಮೇಲೆ ಹಕ್ಕು ಉಳಿಸ್ಕೊಳ್ಳದೆ ಕೊಳ್ಳೋರಿಗೆ ತಲುಪಿಸೋಕೆ ಅಂತ ಟ್ರಾನ್ಸ್‌ಪೋರ್ಟ್‌ಗೆ ಸರಕು ಒಪ್ಪಿಸಿದ್ರೆ ಸಾಮಾನ್ಯವಾಗಿ ಮಾಲೀಕತ್ವನೂ ಹೋಗುತ್ತೆ, ದುಡ್ಡು ಬರೋವರೆಗೂ ಸರಕು ಕೈಲೇ ಇಟ್ಕೊಳ್ಳೋ ನಿಮ್ಮ ಹಕ್ಕೂ ಹೋಗುತ್ತೆ. ಇವೆರಡನ್ನ ಬೇರೆ ಮಾಡಿ: "ಲಾರಿಗೆ ಲೋಡ್ ಆದ ಕ್ಷಣದಿಂದ ರಿಸ್ಕ್ ಕೊಳ್ಳೋರದ್ದು, ಪೂರ್ತಿ ದುಡ್ಡು ಬರೋವರೆಗೂ ಮಾಲೀಕತ್ವ ಮಾರೋರದ್ದು." ದಾರಿಲಿ ಮಳೆಗೆ ನೆಂದ್ರೆ ನಷ್ಟ ಅವರದ್ದು, ದುಡ್ಡು ಬರದಿದ್ರೆ ಸರಕಿನ ಮೇಲೆ ಹಕ್ಕು ನಿಮ್ಮದು. ಆದ್ರೂ ಅವರು ವಿಷಯ ಗೊತ್ತಿಲ್ಲದ ಮೂರನೆಯವರಿಗೆ ಮಾರಿಬಿಟ್ರೆ ಸರಕು ವಾಪಸ್ ಸಿಗೋದು ಕಷ್ಟ, ಅದಕ್ಕೇ ಅಡ್ವಾನ್ಸ್ ಬಿಡಬೇಡಿ, ಕನಿಷ್ಠ ಅರ್ಧನಾದ್ರೂ ಕೇಳಿ.

ಪೇಮೆಂಟ್‌ಗೆ ತಾರೀಕು ಹಾಕಿ, ತಡವಾದ್ರೆ ಬಡ್ಡಿ ಎಷ್ಟು ಅಂತ ಹೇಳಿ, ಹಳೇ ಬಾಕಿ ತೀರೋವರೆಗೂ ಮುಂದಿನ ಲೋಡ್ ಕಳಿಸಲ್ಲ ಅಂತಾನೂ ಬರೀರಿ. ತಯಾರಕರಾಗಿ ಉದ್ಯಮ್ ನೋಂದಣಿ ಇರೋ ಸೂಕ್ಷ್ಮ, ಸಣ್ಣ ಘಟಕ ನಿಮ್ಮದಾದ್ರೆ ಎಮ್‌ಎಸ್‌ಎಮ್‌ಇ ಕಾಯ್ದೆ (2006) ದೊಡ್ಡ ಬಲ. ದುಡ್ಡು ಕೊಡೋಕೆ ಬರಹದ ಒಪ್ಪಂದ ಇಲ್ಲದಿದ್ರೆ 15 ದಿನ, ಇದ್ರೂ 45 ದಿನಕ್ಕಿಂತ ಹೆಚ್ಚು ಗಡುವು ಇರೋ ಹಾಗಿಲ್ಲ, ಮೀರಿದ್ರೆ ಆರ್‌ಬಿಐ ಪ್ರಕಟಿಸೋ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 90 ದಿನ ಬರೀರಿ ಅಂತ ಅವರು ಎಷ್ಟೇ ಒತ್ತಾಯ ಮಾಡ್ಲಿ, ಒಪ್ಪಬೇಡಿ. ನೋಂದಣಿ ಮಾತ್ರ ವ್ಯವಹಾರಕ್ಕೆ ಮೊದಲೇ ಆಗಿರ್ಲಿ.

ಜಿಎಸ್‌ಟಿ ಬದಲಾದ್ರೆ ಯಾರ ತಲೆಗೆ ಅನ್ನೋದನ್ನ ಒಂದು ಸಾಲಲ್ಲಿ ಮುಗಿಸಿ. ದೋಷ ಕಂಡ್ರೆ ಬೇರೆ ತಟ್ಟೆ ಕೊಡ್ತೀವಿ ಇಲ್ಲಾ ಅದರ ದುಡ್ಡು ವಾಪಸ್, ಇನ್‌ವಾಯ್ಸ್ ಮೊತ್ತ ಮೀರಿ ಪರಿಹಾರ ಇಲ್ಲ, ಅವರ ಮದುವೆ ಆರ್ಡರ್ ತಪ್ಪಿ ಹೋದ ಲಾಭಕ್ಕೆ ನಾವು ಹೊಣೆ ಅಲ್ಲ ಅಂತ ಮಿತಿ ಹಾಕಿ. ಹಾಗಂತ ಕೆಟ್ಟ ಸರಕು ಅಂತ ಗೊತ್ತಿದ್ದೂ ಮುಚ್ಚಿಟ್ಟು ಕಳಿಸಿದ್ರೆ ಈ ಸಾಲು ನಿಮ್ಮನ್ನ ಉಳಿಸುತ್ತೆ ಅಂದ್ಕೋಬೇಡಿ. ಮನೆ ಬಳಕೆಗೆ ಕೊಳ್ಳೋ ಗ್ರಾಹಕರ ಮೇಲೆ ಇಷ್ಟು ಬಿಗಿ ಷರತ್ತು ಹೇರೋದೂ ಬೇಡ, 2019ರ ಗ್ರಾಹಕ ಕಾಯ್ದೆ ಅನ್ಯಾಯದ ಒಪ್ಪಂದವನ್ನ ಪ್ರಶ್ನಿಸೋಕೆ ಬಿಡುತ್ತೆ.

ಕೊನೇಲಿ, ದಾವೆ ಎಲ್ಲಿ ಅನ್ನೋದು. ಒಪ್ಪಂದ ಆಗಿದ್ದು, ಸರಕು ಒಪ್ಪಿಸಿದ್ದು ಶಿವಮೊಗ್ಗದಲ್ಲಿ ಅಂದ್ರೆ "ಶಿವಮೊಗ್ಗ ಕೋರ್ಟ್ ಮಾತ್ರ" ಅಂತ ಹಾಕಿ, ಇಲ್ಲಾಂದ್ರೆ ಬಾಕಿ ವಸೂಲಿಗೆ ಮುಂಬೈಗೆ ಅಲೆಯೋ ಪರಿಸ್ಥಿತಿ ಬರಬಹುದು.