ಐರಿಷ್ ಗಂಡುಹೆಸರುಗಳನ್ನು ಕನ್ನಡಕ್ಕೆ ಕೂರಿಸಿದ್ದು: ನನ್ನ ಅನುಭವ

ಆಗುವ ಕೆಲಸವಲ್ಲ ಎಂದಿದ್ದವರೇ ಈಗ ನಾನು ಕನ್ನಡದಲ್ಲಿ ತಂದ ಐರಿಷ್ ಗಂಡುಹೆಸರುಗಳ ಪುಸ್ತಿಕೆಯ ಪ್ರತಿ ಕೇಳುತ್ತಿದ್ದಾರೆ. ಆದ್ದರಿಂದ ಮಾಡಿದ ಬಗೆಯನ್ನು ಬರೆದಿಡುತ್ತಿದ್ದೇನೆ. ಇದು ಹೆಸರುಪಟ್ಟಿ ಮಾಡುವ ಕಸುಬಿನವರಿಗಾಗಿ. ನಕ್ಷತ್ರಕ್ಕೆ ತಕ್ಕ ಹೆಸರಿನಕ್ಷರ ತೋರಿಸುವ ಅವಕಹಡ ಚಕ್ರವನ್ನಾಗಲಿ ಅಕಾರಾದಿ ಜೋಡಣೆಯನ್ನಾಗಲಿ ವಿವರಿಸಲು ಹೋಗುವುದಿಲ್ಲ.

ಬೇಡಿಕೆ ಬಂದದ್ದು ಐರ್ಲೆಂಡಿನಲ್ಲಿ ನೆಲೆಸಿರುವ ನಮ್ಮವರ ಮನೆಗಳಿಂದ. ಮಗು ಅಲ್ಲೇ ಹುಟ್ಟಿದೆ, ಅಲ್ಲೇ ಶಾಲೆಗೆ ಹೋಗಬೇಕು. ಹೆಸರು ಆ ಊರಿನ ನಾಲಿಗೆಗೆ ಒಗ್ಗಬೇಕು, ಇಲ್ಲಿ ಅಜ್ಜಿಗೂ ಕರೆಯಲು ಬರಬೇಕು, ನಕ್ಷತ್ರದ ಪಾದಾಕ್ಷರವೂ (ಹುಟ್ಟಿದ ನಕ್ಷತ್ರದ ಪಾದಕ್ಕೆ ಗೊತ್ತಾದ ಹೆಸರಿನ ಮೊದಲಕ್ಷರ) ಕೂಡಬೇಕು. ನಮ್ಮ ಕಸುಬಿನ ಹಿರಿಯರೊಬ್ಬರು, 'ಆ ಕಾಗುಣಿತ ಕನ್ನಡಕ್ಕೆ ಬಗ್ಗುವುದಿಲ್ಲ, ಇಂಗ್ಲಿಷಿನಲ್ಲೇ ಅಚ್ಚು ಹಾಕಿಸಿ ಕೊಟ್ಟುಬಿಡಿ' ಎಂದರು. ನನಗೆ ಆಗಲೇ ಅನ್ನಿಸಿದ್ದು ಇದಕ್ಕೆ ತದ್ವಿರುದ್ಧ: ಐರಿಷ್ ಹೆಸರಿನ ಧ್ವನಿಯನ್ನು ಹಿಡಿಯಲು ಇಂಗ್ಲಿಷ್ ಕಾಗುಣಿತಕ್ಕಿಂತ ನಮ್ಮ ಲಿಪಿಯೇ ಮೇಲು.

ಮೊದಲು ಹಣ ಹೋದದ್ದು ಸಿದ್ಧಪಟ್ಟಿಗೆ. 'ಕೆಲ್ಟಿಕ್ ಗಂಡುಹೆಸರುಗಳು' ಎಂದು ಮಾರುತ್ತಿದ್ದ ಒಂದು ಪಟ್ಟಿಗೆ ಆರು ಸಾವಿರದಷ್ಟು ಕೊಟ್ಟೆ (ಐರಿಷ್, ಗೇಲಿಕ್, ವೆಲ್ಷ್ ಸೇರಿದ ಭಾಷೆಗಳ ಗುಂಪೇ ಕೆಲ್ಟಿಕ್). ತೆರೆದು ನೋಡಿದರೆ ಲಿಯಮ್ ಎಂದರೆ 'ಕೆಲ್ಟಿಕ್ ವೀರ' ಎಂದಿತ್ತು. ಲಿಯಮ್ ಎಂಬುದು ಉಲಿಯಮ್ ಎಂಬುದರ ಬಾಲ. ಉಲಿಯಮ್ ಎಂದರೆ ವಿಲಿಯಂ, ಫ್ರಾನ್ಸ್ ಕಡೆಯ ನಾರ್ಮನ್ ದಾಳಿಕೋರರು ತಂದ ಜರ್ಮನಿಕ್ ಮೂಲದ ಹೆಸರು. ಶಾನ್ ಕೂಡ ಅವರ ಜೊತೆಯಲ್ಲೇ ಬಂದ ಜಾನ್. ಕೈಲ್ ಎಂಬುದರ ಮುಂದೆ 'ಸುಂದರ' ಎಂದಿತ್ತು. ಅದರ ಹಿಂದಿರುವುದು 'ಇಕ್ಕಟ್ಟಾದ ಜಲಸಂಧಿ' ಎಂಬ ಗೇಲಿಕ್ (ಐರಿಷಿನ ಸೋದರಭಾಷೆ, ಸ್ಕಾಟ್ಲೆಂಡಿನದು) ಮಾತು. ಪಟ್ಟಿಯ ಮೂರನೇ ಒಂದು ಭಾಗ ಹೀಗೆಯೇ ಇತ್ತು. ಆಮೇಲೆ ಒಬ್ಬ ಹುಡುಗನಿಗೆ ಹದಿನೈದು ಸಾವಿರದಷ್ಟು ಕೊಟ್ಟು, ಕಂಪ್ಯೂಟರ್ ಓದಿದ್ದನ್ನು ಕೇಳಿ ಕನ್ನಡದಲ್ಲಿ ಬರೆಯಿಸಿದೆ. ಯಂತ್ರ ಎಲ್ಲವನ್ನೂ ಇಂಗ್ಲಿಷಿನಂತೆ ಓದುತ್ತದೆ. ಟಿ, ಎ, ಡಿ, ಎಚ್, ಜಿ ಎಂಬ ಐದಕ್ಷರದ ಹೆಸರು 'ಟ್ಯಾಡ್ಗ್' ಆಯಿತು. ಅದು ತೈಗ್, ಅರ್ಥ 'ಕವಿ'. ಆ ಕೆಲಸವೂ ಪೂರ್ತಿ ಬುಟ್ಟಿಗೆ ಹೋಯಿತು.

ಕೈಗೂಡಿದ ದಾರಿ ಹೀಗಿದೆ. ಐರಿಷಿನಲ್ಲಿ ಸ್ವರದ ಮೇಲೆ ಓರೆಗೀಟು ಇದ್ದರೆ ಅದು ದೀರ್ಘ, ಇಲ್ಲದಿದ್ದರೆ ಬಹುಮಟ್ಟಿಗೆ ಹ್ರಸ್ವ. ಇದನ್ನು ತೋರಿಸಲು ಇಂಗ್ಲಿಷ್ ಒದ್ದಾಡುತ್ತದೆ, ನಮಗೆ ಒಂದು ದೀರ್ಘ ಹಾಕಿದರೆ ಮುಗಿಯಿತು. 'ಎಸ್' ಅಕ್ಷರದ ಪಕ್ಕದಲ್ಲಿ ಇ ಅಥವಾ ಎ ಕಾರ ಬಂದರೆ ಅದು ಶ, ಉಳಿದ ಕಡೆ ಸ. ಅಗಲ ಸ್ವರದ (ಅ, ಒ, ಉ) ಪಕ್ಕದ ಟಿ, ಡಿ ಎರಡೂ ದಂತ್ಯ, ನಮ್ಮ ತ ಮತ್ತು ದ. ಡಬ್ಲಿನ್ನಿನಲ್ಲಿ ಇಂಗ್ಲಿಷ್ ಆಡುವವರು ಟೈಗ್ ಎನ್ನುತ್ತಾರೆ, ಮನೆಯಲ್ಲಿ ಐರಿಷ್ ಆಡುವವರು ತೈಗ್ ಎನ್ನುತ್ತಾರೆ. ಈ ಭೇದವನ್ನು ರೋಮನ್ ಲಿಪಿಯಲ್ಲಿ ಹೇಗೆ ತೋರಿಸುತ್ತೀರಿ? ಬಿ ಅಥವಾ ಎಂ ಜೊತೆ ಎಚ್ ಬಂದರೆ ವಕಾರದ ಕಡೆಗೆ, ಟಿ ಅಥವಾ ಎಸ್ ಜೊತೆ ಬಂದರೆ ಬರೀ ಹ. ಇಷ್ಟರಿಂದ ಮುಕ್ಕಾಲು ಪಟ್ಟಿ ತಾನಾಗಿ ಕೂತಿತು. ಉಳಿದ ಕಾಲು ಭಾಗಕ್ಕೆ ನಾನು ಬಳಸುವ ಕೋಷ್ಟಕವೊಂದಿದೆ, ಅದನ್ನು ಇಲ್ಲಿ ಕೊಡುವುದಿಲ್ಲ. ಅದೇ ನನ್ನ ಅನ್ನ.

ಪಾದಾಕ್ಷರದ ವಿಷಯದಲ್ಲಿ ಇದರ ಲಾಭ ದೊಡ್ಡದು. ಕೀಅನ್ ಎಂಬ ಹೆಸರು ಇಂಗ್ಲಿಷಿನಲ್ಲಿ 'ಸಿ' ಅಕ್ಷರದಿಂದ ಶುರುವಾಗುತ್ತದೆ. ಅದನ್ನು ನೋಡಿದ ಪುರೋಹಿತರು ಶತಭಿಷದ ಮೂರನೇ ಪಾದಕ್ಕೆ ಬರೆದುಕೊಟ್ಟಿದ್ದನ್ನು ಕಂಡಿದ್ದೇನೆ. ಧ್ವನಿ 'ಕೀ', ಅಂದರೆ ಮೃಗಶಿರಾ ನಾಲ್ಕನೇ ಪಾದ. ಕೀಅನ್ ಎಂದರೆ ಪುರಾತನ, ಬಹುಕಾಲ ಬಾಳುವವನು. ಕೀಅರಾನ್ ಎಂದರೆ ಪುಟ್ಟ ಕಪ್ಪಣ್ಣ. ನೀಅಲ್ ಅನುರಾಧಾ ಎರಡನೇ ಪಾದ, ರೋನಾನ್ ಸ್ವಾತಿ ಮೂರನೇ ಪಾದ. ರೋನ್ ಎಂದರೆ ಸೀಲ್ ಎಂಬ ಕಡಲ ಪ್ರಾಣಿ, ಕೊನೆಯ 'ಆನ್' ಪುಟ್ಟದೆಂದು ಮುದ್ದು ಮಾಡುವ ಪ್ರತ್ಯಯ. ಅದೇ ಪ್ರತ್ಯಯ ಸೇರಿ ಫ್ವೇಲಾನ್ ಪುಟ್ಟ ತೋಳನಾಗುತ್ತಾನೆ, ಲೊರ್ಕಾನ್ ಪುಟ್ಟ ಉಗ್ರನಾಗುತ್ತಾನೆ.

ಒಶೀನ್ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಅದು ನನಗೆ ಬಹಳ ಪ್ರಿಯವಾದ ಹೆಸರು. 'ಒಸ್' ಎಂದರೆ ಜಿಂಕೆ, 'ಈನ್' ಮುದ್ದಿನ ಪ್ರತ್ಯಯ, ಒಟ್ಟಿನಲ್ಲಿ ಜಿಂಕೆಮರಿ. ಈಕಾರ ಪಕ್ಕಕ್ಕೆ ಬಂದದ್ದರಿಂದ ಸಕಾರ ಶಕಾರವಾಯಿತು. ಕತೆಯಲ್ಲಿ ಅವನ ತಾಯಿ ಸೈವ್ ಮಾಂತ್ರಿಕನ ಕೈಗೆ ಸಿಕ್ಕಿ ಜಿಂಕೆಯಾದವಳು, ತಂದೆ ಬೇಟೆಗಾರ ವೀರ ಫಿಯನ್ ಮಕ್ ಕೂಲ್. ಒಶೀನನ ಮಗ ಆಸ್ಕರ್. ಆ ಹೆಸರನ್ನು 'ಜಿಂಕೆಗಳ ಗೆಳೆಯ' ಎಂದು ಬಿಡಿಸುವವರೂ ಇದ್ದಾರೆ. ಪಾದಾಕ್ಷರ ಒ, ರೋಹಿಣಿ ಮೊದಲನೇ ಪಾದ. ಮೃಗಶಿರೆಯಲ್ಲಿ ಹುಟ್ಟಿದ ಮಗುವಿಗೂ ಅರ್ಥ ನೋಡಿ ಇದನ್ನೇ ಕೇಳುವವರಿದ್ದಾರೆ, ನಾನು ಕೊಟ್ಟಿದ್ದೇನೆ.

ಅರ್ಥಕ್ಕೆ ನಾನು ನಂಬುವುದು ಧಾತುವನ್ನು ಮಾತ್ರ. ರಾಯಲ್ ಐರಿಷ್ ಅಕಾಡೆಮಿಯ ಹಳೆ ಐರಿಷ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ನಯಾಪೈಸೆ ಖರ್ಚಿಲ್ಲ. ಮೊದಲೇ ಅಲ್ಲಿಗೆ ಹೋಗುವವರಿಗೆ ಸಿದ್ಧಪಟ್ಟಿಯ ಹಣ ಉಳಿಯುತ್ತದೆ. ಒಂದು ಧಾತು ಹಿಡಿದರೆ ಹೆಸರುಗಳು ಗೊಂಚಲಾಗಿ ಬರುತ್ತವೆ. 'ಫಿಯನ್' ಎಂದರೆ ಬಿಳಿ, ಹೊಳಪು. ಅದೇ ಮಾತು ವೇಲ್ಸಿನಲ್ಲಿ ಗ್ವಿನ್. ರೋಮನ್ನರ ಕಾಲದಲ್ಲಿ ವಿಯೆನ್ನಾಕ್ಕಿದ್ದ ವಿಂದೊಬೊನಾ ಎಂಬ ಹೆಸರಿನಲ್ಲೂ ಅದೇ ಧಾತು. ಇನ್ನೊಂದು 'ಮೇಲ್'. ತಲೆ ಬೋಳಿಸಿಕೊಂಡವನು ಎಂಬ ಅರ್ಥದಿಂದ 'ಭಕ್ತ' ಎಂಬುದಕ್ಕೆ ಬಂದ ಮಾತು. ಮಾಲ್ಕಮ್ ಎಂದರೆ ಸಂತ ಕೊಲಂಬನ ಭಕ್ತ. 563ರಲ್ಲಿ ಐಯೋನಾ ದ್ವೀಪಕ್ಕೆ ಹೋಗಿ ಮಠ ಕಟ್ಟಿದ ಆ ಸಂತನ ಹೆಸರಿನ ಅರ್ಥ ಪಾರಿವಾಳ. ನಮ್ಮಲ್ಲಿ ಪುರಂದರದಾಸ, ಕನಕದಾಸ ಎಂದು ಕೇಳಿ ಬೆಳೆದ ಅಜ್ಜಿಯರಿಗೆ ಮಾಲ್ಕಮ್ ಅರ್ಥವಾಗಲು ಅರ್ಧ ನಿಮಿಷ ಸಾಕು. ಪಂಡಿತರಲ್ಲೇ ಒಮ್ಮತವಿಲ್ಲದ ಕಡೆ ಅರ್ಥದ ಕಲಂ ಖಾಲಿ ಬಿಟ್ಟಿದ್ದೇನೆ. ನೀಅಲ್ ಎದುರು ಏನೂ ಇಲ್ಲವೆಂದು ಬೈಸಿಕೊಂಡರೂ ತುಂಬಲಿಲ್ಲ.

ಉಚ್ಚಾರ ಒರೆಗೆ ಹಚ್ಚಲು ಐರ್ಲೆಂಡಿನ ಗಾಲ್ವೇ ಕಡೆಯ ಐರಿಷ್ ಶಿಕ್ಷಕಿಯೊಬ್ಬರನ್ನು ಗೊತ್ತು ಮಾಡಿಕೊಂಡೆ. ಗಂಟೆಗೆ ಇಪ್ಪತ್ತೈದು ಯೂರೋ ಆಸುಪಾಸು. ಈ ಕೆಲಸದಲ್ಲಿ ಸಾರ್ಥಕವಾದ ಖರ್ಚು ಅದೊಂದೇ. ಪಟ್ಟಿ ಓದಿದರೆ ಧ್ವನಿ ಸಪ್ಪೆಯಾಗುತ್ತದೆ, ಆದ್ದರಿಂದ ಅಂಗಳದಲ್ಲಿರುವ ಮಗುವನ್ನು ಕೂಗುವಂತೆ ಕೂಗಿ ಎಂದೆ. ಅವರು ಕೂಗಿದರು. ಶೇಮಸ್ ಎಂಬ ಹೆಸರು 'ಅ ಹೇಮಿಶ್' ಎಂದು ಕೇಳಿಸಿತು! ಐರಿಷಿನಲ್ಲೂ ಸ್ಕಾಟಿಷ್ ಗೇಲಿಕ್ಕಿನಲ್ಲೂ ಸಂಬೋಧನೆಯಲ್ಲಿ ಹೆಸರಿನ ಮೊದಲ ವ್ಯಂಜನವೇ ಮೆತ್ತಗಾಗುತ್ತದೆ. ಸ್ಕಾಟ್ಲೆಂಡಿನ ಹೇಮಿಶ್ ಎಂಬ ಹೆಸರು ಹುಟ್ಟಿದ್ದೇ ಹೀಗೆ, ಕೂಗುವ ರೂಪವನ್ನೇ ಹೊರಗಿನವರು ಹೆಸರೆಂದುಕೊಂಡರು. ನಮ್ಮ ವ್ಯಾಕರಣದ ಸಂಬೋಧನಾ ವಿಭಕ್ತಿ ಓದಿದವರಿಗೆ ಇದು ಹೊಸತಲ್ಲ, ಆದರೆ ನಮ್ಮಲ್ಲಿ ಬದಲಾಗುವುದು ಬಾಲ, ಅಲ್ಲಿ ತಲೆಯೂ ಬದಲಾಗುತ್ತದೆ. ಈಗ ನನ್ನ ಪುಸ್ತಿಕೆಯಲ್ಲಿ ಪ್ರತಿ ಹೆಸರಿಗೂ ಎರಡು ಕಲಂ ಇದೆ: ಬರೆಯುವ ಹೆಸರು, ಕೂಗುವ ಹೆಸರು. ಕನ್ನಡದಲ್ಲಿ ಬೇರೆ ಯಾರೂ ಇದನ್ನು ಮಾಡಿದ್ದು ನಾನು ಕಂಡಿಲ್ಲ.

ನಡುವೆ ಒಂದು ಅಡ್ಡ ಪ್ರಯೋಗ. ರಕ್ಷಾಪುಟಕ್ಕೆ ಓಗಮ್ ಲಿಪಿ, ಅಂದರೆ ಐರ್ಲೆಂಡಿನ ಹಳೆಯ ಕಲ್ಬರಹದ ಲಿಪಿ, ಹಾಕಿಸಿದೆ. ಕಲ್ಲಿನ ಅಂಚೇ ನಡುಗೆರೆ, ಅದರ ಎಡಬಲಕ್ಕೆ ಗೀರುಗಳು, ಕೆಳಗಿನಿಂದ ಮೇಲಕ್ಕೆ ಓದಬೇಕು. ಮುದ್ರಣಾಲಯದಲ್ಲಿ ಅದನ್ನು ತಲೆಕೆಳಗು ಮಾಡಿ ಅಚ್ಚು ಹಾಕಿದರು. ಓಗಮ್ ತಿರುಗಿದರೆ ಬರೀ ಉಲ್ಟಾ ಆಗುವುದಿಲ್ಲ, ಅಕ್ಷರವೇ ಬೇರೆಯಾಗುತ್ತದೆ: ಬಲಕ್ಕೆ ಎರಡು ಗೀರು ಲ, ಅದು ಎಡಕ್ಕೆ ಹೋದರೆ ದ. ಐನೂರು ರಕ್ಷಾಪುಟ ರದ್ದಿಗೆ, ಏಳೆಂಟು ಸಾವಿರ ನಷ್ಟ. ಎರಡನೇ ಸಲ ಬುಡದಲ್ಲಿ ಬಾಣದ ಗುರುತು ಹಾಕಿಕೊಟ್ಟೆ.

ಒಟ್ಟು ಖರ್ಚು ಒಂದು ಲಕ್ಷದ ಹತ್ತಿರ ಹೋಗಿರಬೇಕು. ಅಚ್ಚಾದ ಪ್ರತಿಯ ಬೆಲೆ 180 ರೂಪಾಯಿ, ಆದರೆ ಐರ್ಲೆಂಡಿಗೆ ಅಂಚೆ ವೆಚ್ಚವೇ ಅದಕ್ಕಿಂತ ಹೆಚ್ಚು. ಹಾಗಾಗಿ ಅಲ್ಲಿಯವರಿಗೆ ನಾಲ್ಕು ಯೂರೋಗೆ ಪಿಡಿಎಫ್ ಮಾರಿದೆ, ಅಸಲು ಎದ್ದದ್ದು ಅದರಿಂದಲೇ. ಈಗ ಬರುವುದೆಲ್ಲ ಲಾಭ.

ಸದ್ಯ ವೇಲ್ಸಿನ ಪಟ್ಟಿ ಕೈಯಲ್ಲಿದೆ. ಇದ್ರಿಸ್, ಎಮ್ರಿಸ್, ಗ್ವಿನ್ ಸುಲಭ. ಲೂಎಲಿನ್ ಹೆಸರಿನ ಜೋಡಿ 'ಎಲ್' ಮಾತ್ರ ಕಷ್ಟ: ನಾಲಿಗೆಯನ್ನು ಲಕಾರದ ಜಾಗದಲ್ಲಿಟ್ಟು ಬರೀ ಉಸಿರು ಬಿಡಬೇಕು. 'ಹ್ಲ' ಎಂದು ಬರೆದು ನೋಡುತ್ತಿದ್ದೇನೆ, ಕಾರ್ಡಿಫ್‌ನಲ್ಲಿರುವ ಮೂರ್ನಾಲ್ಕು ಮನೆಗಳಿಗೆ ಕರಡು ಕಳಿಸಿದ್ದೇನೆ. ಇದಕ್ಕಿಂತ ಒಳ್ಳೆಯ ಒತ್ತಕ್ಷರ ಯಾರಿಗಾದರೂ ಹೊಳೆದರೆ ತಿಳಿಸಿ, ಮುದ್ರಣಕ್ಕೆ ಇನ್ನೂ ಸಮಯವಿದೆ.