ಯಾವ ಕಂಪನಿ ಕಾರು ಒಳ್ಳೇದು? ಕೇಳುವ ಮೊದಲು ಬಾನೆಟ್ ಎತ್ತಿ

2010ರ ಆಸುಪಾಸಿನಲ್ಲಿ ನಮ್ಮ ಕಡೆ ಒಂದು ತಮಾಷೆ ನಡೆಯುತ್ತಿತ್ತು. ಸ್ವಿಫ್ಟ್ ಡೀಸೆಲ್ ಬೇಕು ಅಂದರೆ ಜನ ತಿಂಗಳುಗಟ್ಟಲೆ ಕಾಯುತ್ತಿದ್ದರು. ಟಾಟಾ ಇಂಡಿಕಾ ವಿಸ್ಟಾ ಅಂದರೆ "ಟ್ಯಾಕ್ಸಿ ಗಾಡಿ" ಅಂತ ಮೂಗು ಮುರಿಯುತ್ತಿದ್ದರು. ಫಿಯೆಟ್ ಪುಂಟೊವನ್ನಂತೂ ಕೇಳುವವರೇ ಕಡಿಮೆ. ಆದರೆ ಮೂರರ 1.3 ಲೀಟರ್ ಡೀಸೆಲ್ ಗಾಡಿಗಳ ಬಾನೆಟ್ ಎತ್ತಿದರೆ ಒಳಗಿದ್ದದ್ದು ಒಂದೇ ಇಂಜಿನ್, ಫಿಯೆಟ್‌ನವರ ಮಲ್ಟಿಜೆಟ್. ಮಾರುತಿ ಅದಕ್ಕೆ ಡಿಡಿಐಎಸ್ ಅಂತ ಹೆಸರಿಟ್ಟಿತು, ಟಾಟಾ ಕ್ವಾಡ್ರಾಜೆಟ್ ಅಂದಿತು. ಇಂಜಿನ್ ಕಂಡುಹಿಡಿದವರ ಕಾರೇ ಓಡಲಿಲ್ಲ, ಬೇರೆಯವರ ಬಾನೆಟ್ ಕೆಳಗೆ ಅದೇ ಇಂಜಿನ್ ಮನೆಮಾತಾಯಿತು.

ಯಾರಾದರೂ ಫೋನ್ ಮಾಡಿ "ಯಾವ ಕಂಪನಿ ಕಾರು ತಗೊಳ್ಳಲಿ" ಅಂದಾಗೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ಅವರು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳುತ್ತಿರುತ್ತಾರೆ. ಕಾರನ್ನು ಚೆನ್ನಾಗಿ ಕಟ್ಟಿದ್ದಾರಾ? ಅದು ಗುಣಮಟ್ಟ. ನಾಲ್ಕು ವರ್ಷ ಆದಮೇಲೆ ಶಿರಾಡಿ ಘಾಟಿಯ ಮಧ್ಯೆ ಕೈಕೊಡುತ್ತಾ? ಅದು ಬಾಳಿಕೆ. ಮಾರುವಾಗ ಒಳ್ಳೆ ರೇಟು ಸಿಗುತ್ತಾ, ನೆಂಟರ ಮನೆ ಮುಂದೆ ನಿಲ್ಲಿಸಿದರೆ ಏನಂತಾರೆ? ಅದು ಹೆಸರು. ಮೂರೂ ಒಟ್ಟಿಗೇ ಬರಬೇಕು ಅಂತೇನಿಲ್ಲ. ಪುಂಟೊಗೆ ಮೊದಲನೆಯದು ಇತ್ತು, ಮೂರನೆಯದು ಇರಲಿಲ್ಲ.

ನಾನೂ ಒಮ್ಮೆ ಬರೀ ಹೆಸರು ನೋಡಿ ಕಾರು ಕೊಂಡವನೇ. ಕಂಪನಿ ಯಾವುದು ಅಂತ ಹೇಳುವುದಿಲ್ಲ, ಕಾರಂತೂ ಚೆನ್ನಾಗಿತ್ತು. ಆದರೆ ಅದರ ಸರ್ವೀಸ್ ಸೆಂಟರ್ ಇದ್ದದ್ದು ಊರಿಂದ ಎಪ್ಪತ್ತು ಕಿಲೋಮೀಟರ್ ದೂರ. ಬೈಕಿನವನೊಬ್ಬ ಸೈಡ್ ಮಿರರ್ ಕಿತ್ತುಕೊಂಡು ಹೋದ, ಹೊಸ ಮಿರರ್ ಬರುವುದಕ್ಕೆ ಮೂರು ವಾರ ಹಿಡಿಯಿತು. ಅಷ್ಟು ದಿನ ಮನೆಯ ಹಳೇ ಕನ್ನಡಿಯನ್ನು ಟೇಪು ಹಾಕಿ ಅಂಟಿಸಿಕೊಂಡು ಓಡಾಡಿದ್ದೇನೆ, ನಗಬೇಡಿ. ಈಗ ನಾನು ಬೇರೆ ಥರ ಹೋಲಿಸುತ್ತೇನೆ. ಅದನ್ನೇ ಹೇಳುತ್ತೇನೆ.

ಮೊದಲು ಒಂದು ಹಾಳೆ ತಗೊಳ್ಳಿ. ಕಂಪನಿ ಹೆಸರು ಬರೆಯಬೇಡಿ. ಮಾಡೆಲ್, ಇಂಜಿನ್, ಗೇರ್‌ಬಾಕ್ಸ್, ಮಾಡೆಲ್ ಬಂದ ವರ್ಷ, ಈ ನಾಲ್ಕನ್ನು ಬರೆಯಿರಿ. ಕೈಕೊಡುವುದು ಕಂಪನಿಯ ಲಾಂಛನ ಅಲ್ಲ ಅಲ್ವಾ, ಕ್ಲಚ್ಚು, ಗೇರ್‌ಬಾಕ್ಸು, ಸೆನ್ಸರು. 2022ರಲ್ಲಿ ಬಂದ ಫೋಕ್ಸ್‌ವ್ಯಾಗನ್ ವರ್ಟಸ್ ನೋಡಿ. 1.0 ಲೀಟರ್ ಪೆಟ್ರೋಲ್ ಆಟೋಮ್ಯಾಟಿಕ್‌ಗೆ ಆರು ಗೇರಿನ ಟಾರ್ಕ್ ಕನ್ವರ್ಟರ್ ಕೊಟ್ಟರು, ಅಂದರೆ ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಗೇರ್‌ಬಾಕ್ಸ್. 1.5 ಲೀಟರ್‌ಗೆ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇರುವ ಗೇರ್‌ಬಾಕ್ಸ್. ಟಾರ್ಕ್ ಕನ್ವರ್ಟರ್ ಹಳೇ ಕಾಲದ್ದು, ಸ್ವಲ್ಪ ನಿಧಾನ, ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಇಂಚಿಂಚು ತೆವಳಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಡ್ರೈ ಕ್ಲಚ್ಚಿನದು ಹೈವೇಯಲ್ಲಿ ಬೆಣ್ಣೆ, ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತದೆ, ಈ ಡಿಎಸ್‌ಜಿಯ ಬಗ್ಗೆ ಹೊರದೇಶಗಳಲ್ಲೂ ಹಿಂದೆ ದೂರುಗಳು ಬಂದಿವೆ. ಒಂದೇ ಕಂಪನಿ, ಒಂದೇ ಕಾರು, ಎರಡು ಬೇರೆ ಬೇರೆ ಭವಿಷ್ಯ. "ಫೋಕ್ಸ್‌ವ್ಯಾಗನ್ ಹೇಗೆ?" ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಎಲ್ಲಿಂದ ತರುವುದು?

ಡೀಸೆಲ್‌ನಲ್ಲೂ ಹೀಗೇ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಕೂರಿಸುತ್ತಾರೆ, ಡಿಪಿಎಫ್ ಅಂತ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಬಿಸಿಯಾಗಿ ಓಡಬೇಕು. ದಿನಾ ಮೂರು ಕಿಲೋಮೀಟರ್ ಹೋಗಿ ಮಗುವನ್ನು ಸ್ಕೂಲಿಗೆ ಬಿಟ್ಟು ಬರುವವರ ಡೀಸೆಲ್ ಗಾಡಿಯಲ್ಲಿ ಅದು ಕಟ್ಟಿಕೊಂಡು ಲೈಟ್ ಉರಿಯುತ್ತದೆ. ಆಮೇಲೆ ಅವರು ಕಂಪನಿಗೆ ಬೈಯುತ್ತಾರೆ. ಹುಬ್ಬಳ್ಳಿ-ಬೆಂಗಳೂರು ಓಡಾಡುವವರ ಅದೇ ಗಾಡಿಗೆ ಏನೂ ಆಗಿರುವುದಿಲ್ಲ.

ಇನ್ನು ಹೆಸರು ಬದಲಾಯಿಸಿಕೊಂಡ ಕಾರುಗಳು. ಟೊಯೊಟಾ ಗ್ಲಾಂಜಾ ಅಂದರೆ ಮಾರುತಿ ಬಲೆನೊ. ರೂಮಿಯನ್ ಅಂದರೆ ಎರ್ಟಿಗಾ. ಉಲ್ಟಾನೂ ಇದೆ. ಮಾರುತಿ ಇನ್ವಿಕ್ಟೊ ಅಂದರೆ ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್. ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೊಟಾದ ಹೈರೈಡರ್ ಎರಡೂ 2022ರಲ್ಲಿ ಅದೇ ಬಿಡದಿ ಕಾರ್ಖಾನೆಯಿಂದ ಹೊರಬಂದವು. "ಟೊಯೊಟಾ ಅಲ್ವಾ, ಕಣ್ಣುಮುಚ್ಚಿ ತಗೋ" ಅಂತ ಗ್ಲಾಂಜಾ ಕೊಡಿಸಿದ ದೊಡ್ಡಪ್ಪಂದಿರು ಎಷ್ಟು ಜನವೋ! 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷೆ ಮಾಡಬೇಕು ಅಂತ ಮಾರುತಿ 17,362 ಕಾರುಗಳನ್ನು ವಾಪಸ್ ಕರೆಯಿತು. ಅದೇ ಹೊತ್ತಿಗೆ ಟೊಯೊಟಾ ಕೂಡ ಅದೇ ಕಾರಣಕ್ಕೆ 1,390 ಗ್ಲಾಂಜಾ, ಹೈರೈಡರ್‌ಗಳನ್ನು ಕರೆಯಿತು. ಬಿಡಿಭಾಗಕ್ಕೆ ಮೇಲಿನ ಹೆಸರು ಗೊತ್ತಿರುವುದಿಲ್ಲ. ಹಾಗಂತ ಗ್ಲಾಂಜಾ ತಗೊಂಡವರು ದಡ್ಡರಲ್ಲ. 2019ರಲ್ಲಿ ಬಂದಾಗ ಅದಕ್ಕೆ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ವಾರಂಟಿ ಇತ್ತು, ಬಲೆನೊಗೆ ಎರಡು ವರ್ಷ, 40 ಸಾವಿರ ಕಿಲೋಮೀಟರ್ ಮಾತ್ರ. 2024ರ ಜುಲೈನಲ್ಲಿ ಮಾರುತಿಯೂ ಮೂರು ವರ್ಷ, ಒಂದು ಲಕ್ಷಕ್ಕೆ ಏರಿಸಿತು. ಜೋಡಿ ಕಾರುಗಳಲ್ಲಿ ಒಂದನ್ನು ಆರಿಸುವಾಗ ಕಾರು ಹೋಲಿಸುವುದು ವೇಸ್ಟು. ವಾರಂಟಿ, ಬೆಲೆ, ಯಾರ ಸರ್ವೀಸ್ ಸೆಂಟರ್ ನಿಮ್ಮ ಮನೆಗೆ ಹತ್ತಿರ, ಇಷ್ಟೇ ನೋಡಿ.

ಹಾಂ, ವಾಪಸ್ ಕರೆದರು ಅಂದತಕ್ಷಣ ಆ ಕಾರು ಡಬ್ಬಾ ಅಂದುಕೊಳ್ಳಬೇಡಿ. ತಪ್ಪು ಕಂಡು, ಒಪ್ಪಿಕೊಂಡು, ಪುಕ್ಕಟೆ ಸರಿಮಾಡಿಕೊಡುವುದು ಒಳ್ಳೆ ಲಕ್ಷಣವೇ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮಾತ್ರ ಚಾಸಿಸ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಲೇಬೇಕು. ಹಳೇ ಮಾಲೀಕ ಆ ಕೆಲಸ ಮಾಡಿಸದೆ ಬಿಟ್ಟಿರಬಹುದು.

ಸುರಕ್ಷತೆಯ ನಕ್ಷತ್ರಗಳನ್ನು ನೋಡುವಾಗಲೂ ಕಂಪನಿಯ ಮೇಲೆ ತೀರ್ಪು ಕೊಡಬೇಡಿ. 2014ರ ಶುರುವಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆ ಆಲ್ಟೊ 800, ನ್ಯಾನೋ, ಐ10, ಫಿಗೊ, ಪೋಲೊ ಐದನ್ನೂ ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ಸಿಕ್ಕಿದ್ದು ಸೊನ್ನೆ. ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಗುದ್ದಿಸಿದರೆ ನಾಲ್ಕು ನಕ್ಷತ್ರ. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ ಐದು ಪಡೆದ ಮೊದಲ ಭಾರತೀಯ ಕಾರಾಯಿತು, ಟಾಟಾ ಬಗ್ಗೆ ಜನರ ಮಾತೇ ಬದಲಾಯಿತು. ಮಾರುತಿಯ ಎಸ್-ಪ್ರೆಸ್ಸೊಗೆ 2020ರಲ್ಲಿ ಸೊನ್ನೆ ಬಂತು, 2024ರಲ್ಲಿ ಹೊಸ ಡಿಜೈರ್‌ಗೆ ಐದು ಬಂತು. ಈಗ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ, 2023ರ ಅಕ್ಟೋಬರ್‌ನಿಂದ. ನೀವು ತಗೊಳ್ಳುವ ಮಾಡೆಲ್‌ನ ಹೆಸರು ಆ ಪಟ್ಟಿಯಲ್ಲಿದೆಯಾ, ಯಾವ ವರ್ಷದ್ದು, ಎಷ್ಟು ಏರ್‌ಬ್ಯಾಗ್ ಇರುವ ಗಾಡಿಯನ್ನು ಪರೀಕ್ಷೆ ಮಾಡಿದ್ದು ಅಂತ ನೋಡಿ. ಅಣ್ಣನಿಗೆ ರ‍್ಯಾಂಕ್ ಬಂದರೆ ತಮ್ಮ ಪಾಸಾದ ಹಾಗಲ್ಲ.

ಗುಣಮಟ್ಟ ನೋಡುವುದಕ್ಕೆ ಟೆಸ್ಟ್ ಡ್ರೈವ್ ಸಾಕು, ಆದರೆ ಅವರು ಹೇಳಿದ ರೋಡಿನಲ್ಲಿ ಅಲ್ಲ. ಶೋರೂಮಿನವರು ನುಣ್ಣನೆಯ ರಿಂಗ್ ರೋಡಿಗೆ ಕರೆದುಕೊಂಡು ಹೋಗಿ, ಎಸಿ ಜೋರು ಮಾಡಿ, ಹಾಡು ಹಾಕುತ್ತಾರೆ. ಎರಡನ್ನೂ ಆಫ್ ಮಾಡಿ. ನಿಮ್ಮ ಬೀದಿಯ ಗುಂಡಿಗಳ ಮೇಲೆ 20ರ ವೇಗದಲ್ಲಿ ಓಡಿಸಿ, ಡ್ಯಾಶ್‌ಬೋರ್ಡ್ ಎಲ್ಲಿ ಕಟಕಟ ಅನ್ನುತ್ತೆ ಕೇಳಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೊಡ್ಡ ಹಂಪ್ ಹತ್ತಿಸಿ. ಬಾಗಿಲು ಹಾಕಿದರೆ "ಧಪ್" ಅನ್ನಬೇಕು ಅನ್ನುತ್ತಾರಲ್ಲ, ಅದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ, ರಬ್ಬರ್ ಬೀಡಿಂಗ್ ದಪ್ಪ ಮಾಡಿದರೂ ಆ ಸದ್ದು ಬರುತ್ತದೆ. ಅದಕ್ಕಿಂತ ಉಡುಪಿ ಅಥವಾ ಕಾರವಾರಕ್ಕೆ ಹೋದಾಗ ಅದೇ ಮಾಡೆಲ್‌ನ ಆರೇಳು ವರ್ಷದ ಗಾಡಿ ಕಂಡರೆ ಬಾಗಿಲಿನ ಕೆಳಗಿನ ಅಂಚು ನೋಡಿ, ಸೀಟಿನ ಕೆಳಗಿನ ಹಳಿ ನೋಡಿ, ತುಕ್ಕು ಹಿಡಿದಿದೆಯಾ ಅಂತ. ಉಪ್ಪುಗಾಳಿ ಯಾವ ಕಂಪನಿಗೂ ದಾಕ್ಷಿಣ್ಯ ತೋರಿಸುವುದಿಲ್ಲ.

ಬಾಳಿಕೆ ತಿಳಿಯುವುದು ಕಷ್ಟ, ಇಲ್ಲೇ ಹೆಚ್ಚಿನವರು ಎಡವುವುದು. ಗ್ಯಾರೇಜಿಗೆ ಹೋಗಿ "ಯಾವ ಗಾಡಿ ಜಾಸ್ತಿ ರಿಪೇರಿಗೆ ಬರುತ್ತೆ?" ಅಂತ ಕೇಳುತ್ತಾರೆ. ತಪ್ಪು ಪ್ರಶ್ನೆ. ಊರಿನಲ್ಲಿ ನೂರು ಸ್ವಿಫ್ಟ್, ಎರಡು ಸ್ಕೋಡಾ ಸ್ಲಾವಿಯಾ ಇದ್ದರೆ ಸ್ವಿಫ್ಟೇ ಜಾಸ್ತಿ ಬರುತ್ತದೆ, ಇನ್ನೇನು? "ಈ ಗಾಡಿ ಬಂದರೆ ಯಾವುದಕ್ಕೆ ಬರುತ್ತೆ, ಎಷ್ಟು ಕಿಲೋಮೀಟರ್‌ಗೆ ಬರುತ್ತೆ?" ಅಂತ ಕೇಳಿ. ನಮ್ಮ ಮೆಕ್ಯಾನಿಕ್ ಇದಕ್ಕೆ ಕೊಟ್ಟ ಉತ್ತರ ಕೇಳಿ: "ಸಾರ್, ಸಸ್ಪೆನ್ಷನ್ ಸದ್ದು ಅಂತ ಬಂದ್ರೆ ನಾನು ಹೆದರಲ್ಲ. ಎಸಿ ತಂಪಾಗ್ತಿಲ್ಲ ಅಂತ ಮೂರನೇ ವರ್ಷಕ್ಕೇ ಒಂದೇ ಮಾಡೆಲ್ ಐದು ಗಾಡಿ ಬಂದ್ರೆ ಆಗ ಯೋಚ್ನೆ ಮಾಡ್ತೀನಿ." ಒಂದೇ ದೋಷ, ಒಂದೇ ವಯಸ್ಸು, ಬೇರೆ ಬೇರೆ ಮಾಲೀಕರು. ಹುಡುಕಬೇಕಾದದ್ದು ಅದನ್ನು.

ಯೆಲ್ಲೋ ಬೋರ್ಡ್ ಡ್ರೈವರ್‌ಗಳನ್ನೂ ಮಾತಾಡಿಸಿ. ಏರ್‌ಪೋರ್ಟ್‌ಗೆ ಹೋಗುವ ಒಂದು ಗಂಟೆಯಲ್ಲಿ ಅವರು ಕೊಡುವ ಮಾಹಿತಿ ಯಾವ ವಿಡಿಯೋದಲ್ಲೂ ಸಿಗುವುದಿಲ್ಲ. ಮೂರು ಲಕ್ಷ ಕಿಲೋಮೀಟರ್ ಓಡಿದ ಇನ್ನೋವಾದಲ್ಲಿ ಏನೇನು ಬದಲಾಯಿಸಿದ್ದೇವೆ ಅಂತ ಬಾಯಿಪಾಠ ಹೇಳುತ್ತಾರೆ. ಆದರೆ ಒಂದು ಮಾತು. ಅವರ ಗಾಡಿ ಇಡೀ ದಿನ ಓಡುತ್ತದೆ, ನಿಮ್ಮದು ವಾರಕ್ಕೆ ಎರಡು ಸಲ ಕವರ್ ತೆಗೆಸಿಕೊಳ್ಳುತ್ತದೆ. ನಿಂತ ಗಾಡಿಯ ಕಾಯಿಲೆಗಳು ಬೇರೆ: ಬ್ಯಾಟರಿ, ಟೈರು, ವೈರು ಕಡಿಯುವ ಇಲಿ.

ಅಮೆರಿಕದಲ್ಲಿರುವ ತಂಗಿಯೋ ಭಾವನೋ ಅಲ್ಲಿನ ರ‍್ಯಾಂಕಿಂಗ್ ಪಟ್ಟಿ ಕಳಿಸುವುದೂ ಉಂಟು. ಜೆ.ಡಿ. ಪವರ್ ಅನ್ನುವ ಸಮೀಕ್ಷೆ ಕಂಪನಿಯವರು ಮೂರು ವರ್ಷ ಹಳೆಯ ಕಾರುಗಳಲ್ಲಿ ನೂರು ಕಾರಿಗೆ ಎಷ್ಟು ತೊಂದರೆ ಅಂತ ಲೆಕ್ಕ ಹಾಕುತ್ತಾರೆ, ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೇದು. ಅದರಲ್ಲಿ ಫೋನ್ ಬ್ಲೂಟೂತ್‌ಗೆ ಸೇರಲಿಲ್ಲ ಅನ್ನುವುದೂ ಒಂದು ತೊಂದರೆ, ಗೇರ್‌ಬಾಕ್ಸ್ ಹೋಯಿತು ಅನ್ನುವುದೂ ಒಂದು ತೊಂದರೆ. ಮೇಲಾಗಿ ಅಲ್ಲಿ ನಮ್ಮ ಇನ್ನೋವಾ ಇಲ್ಲ, ಕ್ರೆಟಾ ಇಲ್ಲ, ನೆಕ್ಸಾನ್ ಇಲ್ಲ. ಅಲ್ಲಿರುವವರು ಕಾರು ಕೊಳ್ಳುವಾಗ ಖಂಡಿತ ನೋಡಲಿ. ದಾವಣಗೆರೆಯಲ್ಲಿ ಕೊಳ್ಳುವವರಿಗೆ ಅದು ಬರೀ ಓದುವ ಖುಷಿ.

ಹೊಸ ಮಾಡೆಲ್ ಬಂದ ಮೊದಲ ವರ್ಷ ತಗೊಳ್ಳಬೇಡಿ ಅಂತ ಹಿರಿಯರು ಹೇಳುತ್ತಾರಲ್ಲ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಸಾಫ್ಟ್‌ವೇರ್ ತುಂಬಿದ ಈಗಿನ ಕಾರುಗಳಿಗಂತೂ ಇನ್ನೂ ಜಾಸ್ತಿ.

ಸರ್ವೀಸ್ ವಿಷಯಕ್ಕೆ ಒಂದು ಶನಿವಾರ ಬೆಳಗ್ಗೆ ಎತ್ತಿಡಿ. ಶೋರೂಮಿಗೆ ಹೋಗಬೇಡಿ, ನೇರ ಸರ್ವೀಸ್ ಸೆಂಟರ್‌ಗೆ ಹೋಗಿ ಗೇಟಿನ ಹತ್ತಿರ ನಿಂತುಕೊಳ್ಳಿ. ಗಾಡಿ ಬಿಟ್ಟು ಹೊರಬರುವವರ ಮುಖ ನೋಡಿ, ನಾಲ್ಕು ಜನರನ್ನು ಮಾತಾಡಿಸಿ. ಆಮೇಲೆ ಒಳಗೆ ಪಾರ್ಟ್ಸ್ ಕೌಂಟರಿನಲ್ಲಿ ನಾಲ್ಕು ರೇಟು ಕೇಳಿ: ಮುಂದಿನ ಬಂಪರ್, ಹೆಡ್‌ಲೈಟ್ ಪೂರ್ತಿ ಸೆಟ್, ಕ್ಲಚ್ ಸೆಟ್, ಸೈಡ್ ಮಿರರ್. ಮಿರರ್ ಮರೆಯಬೇಡಿ, ನನ್ನ ಕಷ್ಟ ನನಗೆ ಗೊತ್ತು. ರೇಟಿಗಿಂತ ಮುಖ್ಯ, "ಸ್ಟಾಕ್ ಇದೆಯಾ, ಇಲ್ಲಾಂದ್ರೆ ಎಷ್ಟು ದಿನ?" ಈಗಿನ ಎಲ್‌ಇಡಿ ಹೆಡ್‌ಲೈಟಿನ ರೇಟು ಕೇಳಿ ಗಾಬರಿಯಾಗಬೇಡಿ, ಎಲ್ಲ ಕಂಪನಿಯದೂ ಹಾಗೇ. ಬೆಂಗಳೂರಿನವರಾದರೆ ಜೆ.ಸಿ. ರೋಡಿನ ಅಂಗಡಿಗಳಲ್ಲೂ ಅದೇ ಪಾರ್ಟ್ ಕೇಳಿ ನೋಡಿ. ಅಲ್ಲಿ ಸುಲಭವಾಗಿ ಸಿಗುವ ಗಾಡಿ ವಾರಂಟಿ ಮುಗಿದಮೇಲೂ ನಿಮ್ಮ ಜೇಬಿಗೆ ಭಾರವಾಗುವುದಿಲ್ಲ.

ಕೊನೆಗೆ ಹೆಸರು. ಅದಕ್ಕೂ ಬೆಲೆ ಇದೆ, ಲೆಕ್ಕ ಹಾಕಬಹುದು. ಐದು ವರ್ಷ ಹಳೆಯ ಅದೇ ಮಾಡೆಲ್ ಈಗ ಎಷ್ಟಕ್ಕೆ ಹೋಗುತ್ತಿದೆ ನೋಡಿ, ಆಗಿನ ಬೆಲೆಯಿಂದ ಕಳೆಯಿರಿ, ಐದರಿಂದ ಭಾಗಿಸಿ. ಎರಡು ಕಾರುಗಳ ಮಧ್ಯೆ ಇದರಲ್ಲಿ ಬರುವ ವ್ಯತ್ಯಾಸವೇ ಹೆಸರಿನ ಬೆಲೆ. ಐದು ವರ್ಷಕ್ಕೇ ಮಾರುವವರಿಗೆ ಇದು ದೊಡ್ಡ ದುಡ್ಡು. ಹನ್ನೆರಡು ವರ್ಷ ಇಟ್ಟುಕೊಂಡು ಓಡಿಸುವವರಿಗೆ ಅಷ್ಟೇನಲ್ಲ. ತಿಂಗಳ ಮಾರಾಟದ ಅಂಕಿ ತೋರಿಸಿ "ನಂಬರ್ ಒನ್" ಅಂದರೆ ಒಂದು ಕೇಳಿ: ಕಾರ್ಖಾನೆಯಿಂದ ಡೀಲರಿಗೆ ಹೋದ ಲೆಕ್ಕವಾ, ಆರ್‌ಟಿಒದಲ್ಲಿ ರಿಜಿಸ್ಟರ್ ಆದ ಲೆಕ್ಕವಾ? ಎರಡನೆಯದು ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಕಂಪನಿ ಇಲ್ಲೇ ಉಳಿಯುತ್ತಾ ಅನ್ನುವುದೂ ಹೆಸರಿನ ಭಾಗವೇ. ಶೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಹೊರಡುತ್ತೇವೆ ಅಂದಿತು. ಫೋರ್ಡಿನ ಇಕೋಸ್ಪೋರ್ಟ್ ಓಡಿಸಿದವರು ಇವತ್ತಿಗೂ ಅದರ ಸ್ಟೀರಿಂಗ್ ಬಗ್ಗೆ ಕವಿತೆ ಹೇಳುತ್ತಾರೆ. ಹೊಸ ಕಾರು ಕೊಳ್ಳುವವರು ಕಂಪನಿ ಹೀಗೆ ಹೊರಟುಹೋಗುವುದಕ್ಕೆ ಹೆದರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಪರಿಚಯದ ಒಳ್ಳೆ ಮೆಕ್ಯಾನಿಕ್ ಇದ್ದರೆ, ಉಲ್ಟಾ ಯೋಚಿಸಬಹುದು. ಹೆಸರು ಬಿದ್ದ ಗಟ್ಟಿ ಕಾರು ಅಗ್ಗಕ್ಕೆ ಸಿಗುವುದು ಅಲ್ಲೇ.

ಇಷ್ಟೆಲ್ಲ ಮಾಡಿದಮೇಲೆ ಹಾಳೆಯಲ್ಲಿ ಎರಡು ಮಾಡೆಲ್ ಉಳಿಯುತ್ತವೆ, ಸಾಮಾನ್ಯವಾಗಿ ಬೇರೆ ಬೇರೆ ಕಂಪನಿಯವು. ಆಗ ಎರಡೂ ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿ, ಬರುವ ಶನಿವಾರ ಸರ್ವೀಸ್‌ಗೆ ಗಾಡಿ ಬಿಡಬೇಕು, ಜಾಗ ಇದೆಯಾ ಅಂತ ಕೇಳಿ. ಕಳೆದ ತಿಂಗಳು ನಮ್ಮ ಅಕ್ಕನ ಮಗನ ಕೈಲಿ ಹೀಗೇ ಮಾಡಿಸಿದೆ. ಒಂದು ಕಡೆಯವರು "ಒಂಬತ್ತೂವರೆಗೆ ಬನ್ನಿ" ಅಂದರು. ಇನ್ನೊಂದು ಕಡೆ ಫೋನೇ ಎತ್ತಲಿಲ್ಲ, ಆದರೆ ಸಂಜೆಗೆ ಅದೇ ಕಂಪನಿಯ ಶೋರೂಮಿನಿಂದ ಮೂರು ಸಲ ಫೋನ್ ಬಂತು, "ಬುಕಿಂಗ್ ಯಾವಾಗ ಸಾರ್?"