ಸೋರುವ ಟ್ಯಾಂಕಿಗೆ ಅಂಟು ಬೇಡ, ಬೆಸುಗೆ ಹಾಕಿ

ಕಾರಿನ ಬಾನೆಟ್ ಎತ್ತಿದರೆ ಕಾಣುವ ಮಸುಕು ಬಿಳಿಯ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಒಂದು ಬಿರುಕು ಬಿಟ್ಟು ಸೋರತೊಡಗಿದರೆ, ಹೆಚ್ಚಿನವರು ಮೊದಲು ಕೈಗೆತ್ತಿಕೊಳ್ಳುವುದು ಮನೆಯಲ್ಲಿರುವ ಸೂಪರ್ ಗ್ಲೂ ಅಥವಾ ಎಪಾಕ್ಸಿಯನ್ನು. ಕೆಲವು ದಿನ ನಿಂತಂತೆ ಕಾಣುತ್ತದೆ, ಆಮೇಲೆ ಅಂಟು ಚಕ್ಕೆಯಾಗಿ ಎದ್ದು ಬರುತ್ತದೆ. ತಪ್ಪು ಅಂಟಿನದಲ್ಲ. ಈ ಟ್ಯಾಂಕುಗಳು ಬಹುಮಟ್ಟಿಗೆ ಪಾಲಿಪ್ರೊಪಿಲಿನ್ ಅಥವಾ ಪಾಲಿಎಥಿಲಿನ್ ಎಂಬ ಪ್ಲಾಸ್ಟಿಕ್‌ನವು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ ಹಾಗೆ ಇವುಗಳ ಮೇಲೆ ಅಂಟು ಕೂರುವುದಿಲ್ಲ. ಇಂಥ ಪ್ಲಾಸ್ಟಿಕ್‌ಗೆಂದೇ ತಯಾರಿಸಿದ ವಿಶೇಷ ಅಂಟುಗಳು ಇವೆಯಾದರೂ, ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವುದೇ ನನ್ನ ಮಟ್ಟಿಗೆ ನಂಬಬಹುದಾದ ದಾರಿ.

ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು?

ಗಾಜು ತೊಳೆಯುವ ವಾಷರ್ ನೀರಿನ ಟ್ಯಾಂಕನ್ನು ಧೈರ್ಯವಾಗಿ ರಿಪೇರಿ ಮಾಡಿ. ಅದರಲ್ಲಿ ಒತ್ತಡವಿಲ್ಲ, ಮತ್ತೆ ಸೋರಿದರೂ ಅಪಾಯವಿಲ್ಲ. ಎಂಜಿನ್ ತಣಿಸುವ ದ್ರವವಾದ ಕೂಲೆಂಟ್‌ನ ಟ್ಯಾಂಕಿನ ವಿಷಯದಲ್ಲಿ ಎಚ್ಚರ ಬೇಕು. ಒತ್ತಡದ ಮುಚ್ಚಳ ರೇಡಿಯೇಟರ್ ಮೇಲಿದ್ದು, ಟ್ಯಾಂಕು ಉಕ್ಕಿದ ಕೂಲೆಂಟನ್ನು ಹಿಡಿದಿಡುವುದಕ್ಕಷ್ಟೇ ಇದ್ದರೆ ಬೆಸುಗೆ ಸಾಕು. ಒತ್ತಡದ ಮುಚ್ಚಳ ಟ್ಯಾಂಕಿನ ಮೇಲೆಯೇ ಇದ್ದರೆ ಅದು ಬಿಸಿಯನ್ನೂ ಒತ್ತಡವನ್ನೂ ಒಟ್ಟಿಗೆ ತಾಳಬೇಕಾದ ಭಾಗ. ಅಲ್ಲಿ ಬೆಸುಗೆ ಹೊಸ ಟ್ಯಾಂಕ್ ಸಿಗುವವರೆಗಿನ ತಾತ್ಕಾಲಿಕ ಉಪಾಯ ಮಾತ್ರ.

ಬ್ರೇಕ್ ಆಯಿಲ್ ಡಬ್ಬಿಯ ಬಗ್ಗೆ ಚರ್ಚೆಯೇ ಬೇಡ. ಬಿರುಕು ಬಿಟ್ಟಿದ್ದರೆ ಬದಲಿಸಿ. ಅಲ್ಲಿ ಉಳಿಸುವ ಹಣಕ್ಕೆ ಅರ್ಥವಿಲ್ಲ.

ಸೋರಿಕೆ ನಿಜವಾಗಿ ಎಲ್ಲಿದೆ?

ಟ್ಯಾಂಕನ್ನು ಬಿಚ್ಚುವ ಮೊದಲೇ ಇದನ್ನು ಪತ್ತೆ ಮಾಡಬೇಕು. ಟ್ಯಾಂಕೇ ಒಡೆದಿದೆ ಎಂದುಕೊಂಡವರ ಪೈಕಿ ಅನೇಕರಿಗೆ ಬೇಕಾಗಿರುವುದು ಒಂದು ರಬ್ಬರ್ ಬಳೆ ಮಾತ್ರ. ವಾಷರ್ ಟ್ಯಾಂಕಿನ ಕೆಳಭಾಗದಲ್ಲಿ ಪುಟ್ಟ ಪಂಪು ಗ್ರೊಮೆಟ್ ಎಂಬ ಅಂಥದೊಂದು ರಬ್ಬರ್ ಬಳೆಯ ಮೂಲಕ ಕೂತಿರುತ್ತದೆ. ಆ ರಬ್ಬರ್ ಗಟ್ಟಿಯಾಗಿ ಸೀಳಿದರೆ ಟ್ಯಾಂಕು ಪೂರ್ತಿ ಖಾಲಿಯಾಗುತ್ತದೆ. ಕೂಲೆಂಟ್ ಟ್ಯಾಂಕಿನಲ್ಲಿ ಪೈಪು ಸೇರುವ ಜಾಗ ಮತ್ತು ಅದರ ಕ್ಲಿಪ್ಪನ್ನು ನೋಡಿ. ಹೊರಮೈಯನ್ನು ಚೆನ್ನಾಗಿ ಒರೆಸಿ, ಒಣ ಟಿಶ್ಯೂ ಕಾಗದವನ್ನು ಸುತ್ತ ಒತ್ತಿ ನೋಡಿದರೆ ಮೊದಲು ಎಲ್ಲಿ ಒದ್ದೆಯಾಗುತ್ತದೆ ಎಂಬುದು ತಿಳಿಯುತ್ತದೆ. ಹನಿ ಬೀಳುವ ಜಾಗವನ್ನು ನಂಬಬೇಡಿ, ದ್ರವ ಅಡ್ಡಾದಿಡ್ಡಿ ಹರಿದು ದೂರದಲ್ಲಿ ತೊಟ್ಟಿಕ್ಕುತ್ತದೆ.

ಕೂಲೆಂಟ್ ಟ್ಯಾಂಕಿನ ಮುಚ್ಚಳವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ತೆರೆಯಿರಿ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲಿನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಬೆಕ್ಕು, ಮಕ್ಕಳ ಕೈಗೆ ಸಿಗುವಂತೆ ಬಟ್ಟಲಿನಲ್ಲಿ ತೆರೆದಿಡಬೇಡಿ, ಚರಂಡಿಗೂ ಸುರಿಯಬೇಡಿ.

ಪ್ಲಾಸ್ಟಿಕ್‌ನ ಜಾತಿ

ಟ್ಯಾಂಕಿನ ತಳ ಅಥವಾ ಪಕ್ಕದಲ್ಲಿ ಅಕ್ಷರಗಳ ಅಚ್ಚು ಇರುತ್ತದೆ. ‘ಪಿಪಿ’ ಎಂದಿದ್ದರೆ ಪಾಲಿಪ್ರೊಪಿಲಿನ್, ‘ಪಿಇ’ ಎಂದಿದ್ದರೆ ಪಾಲಿಎಥಿಲಿನ್, ‘ಪಿಎ’ ಎಂದಿದ್ದರೆ ನೈಲಾನ್. ಅಚ್ಚು ಅಳಿಸಿದ್ದರೆ ಅಂಚಿನಿಂದ ಸಣ್ಣ ಚೂರು ಕೆತ್ತಿ ನೀರಿಗೆ ಹಾಕಿ. ಮೊದಲೆರಡು ತೇಲುತ್ತವೆ, ನೈಲಾನ್ ಮುಳುಗುತ್ತದೆ. ನೈಲಾನ್ ಕರಗಲು 200 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು, ಹೊಸಬರು ಅದನ್ನು ಬಿಟ್ಟುಬಿಡುವುದು ಒಳ್ಳೆಯದು.

ತುಂಬಲು ಬಳಸುವ ಪ್ಲಾಸ್ಟಿಕ್ ಅದೇ ಜಾತಿಯದಾಗಿರಬೇಕು. ಇಲ್ಲಿ ರಾಜಿ ಇಲ್ಲ. ವೆಲ್ಡಿಂಗ್ ಕಡ್ಡಿಗಳು ಸಿಗುತ್ತವೆ. ಇಲ್ಲದಿದ್ದರೆ ಮನೆಯ ಹಳೆಯ ಡಬ್ಬಿಗಳ ತಳದಲ್ಲಿರುವ ತ್ರಿಕೋನ ನೋಡಿ: ಒಳಗೆ 5 ಇದ್ದರೆ ಪಾಲಿಪ್ರೊಪಿಲಿನ್, 2 ಇದ್ದರೆ ಗಟ್ಟಿ ಪಾಲಿಎಥಿಲಿನ್. 1 ಇರುವ ಕುಡಿಯುವ ನೀರಿನ ಬಾಟಲಿ ಪ್ರಯೋಜನಕ್ಕೆ ಬಾರದು. ಅಂದಾಜಿನ ಮೇಲೆ ಹೋಗದೆ, ಕಡ್ಡಿಯ ತುಂಡನ್ನೋ ಡಬ್ಬಿಯಿಂದ ಕತ್ತರಿಸಿದ ಒಂದು ಪಟ್ಟಿಯನ್ನೋ ಟ್ಯಾಂಕಿನ ಕಾಣದ ಮೂಲೆಗೆ ಕರಗಿಸಿ ಅಂಟಿಸಿ, ತಣಿದ ಮೇಲೆ ಇಕ್ಕಳದಿಂದ ಎಳೆಯಿರಿ. ಸುಲಭವಾಗಿ ಕಿತ್ತು ಬಂದರೆ ಜಾತಿ ಬೇರೆ.

ಬೆಸುಗೆ

ಟ್ಯಾಂಕನ್ನು ಬಿಚ್ಚಿ, ಒಳಗೂ ಹೊರಗೂ ಸೋಪುನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ವಾಷರ್ ದ್ರವದಲ್ಲಿ ಹೊತ್ತಿಕೊಳ್ಳುವ ಆಲ್ಕೊಹಾಲ್ ಇರಬಹುದಾದ್ದರಿಂದ ತೊಳೆಯದೆ ಶಾಖ ತಾಗಿಸಲೇಬಾರದು. ಬಿರುಕಿನ ಎರಡೂ ತುದಿಗಳಲ್ಲಿ 2ರಿಂದ 3 ಮಿಲಿಮೀಟರ್ ಅಗಲದ ರಂಧ್ರ ಕೊರೆಯಿರಿ. ರಂಧ್ರವಿಲ್ಲದಿದ್ದರೆ ಬೆಸುಗೆಯ ಆಚೆಗೆ ಬಿರುಕು ಮುಂದುವರಿಯುತ್ತದೆ. ಆಮೇಲೆ ಚಾಕುವಿನಿಂದ ಬಿರುಕಿನ ಉದ್ದಕ್ಕೂ ಇಳಿಜಾರು ಬದಿಗಳ ಕಾಲುವೆ ಕೆತ್ತಿ. ಗೋಡೆಯ ಅರ್ಧದಷ್ಟು ಆಳ ಸಾಕು. ಸುತ್ತ ಒಂದು ಬೆರಳಗಲ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ ಆರಲು ಬಿಡಿ.

ಪಾಲಿಎಥಿಲಿನ್ ಸುಮಾರು 130 ಡಿಗ್ರಿಯಲ್ಲಿ, ಪಾಲಿಪ್ರೊಪಿಲಿನ್ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ಕರಗಿಸಲು ಬಳಸುವುದು ಸೋಲ್ಡರಿಂಗ್ ಐರನ್, ಅಂದರೆ ವಿದ್ಯುತ್ ತಂತಿಗಳನ್ನು ಬೆಸೆಯುವ ಕಾದ ಮೊನೆಯ ಉಪಕರಣ. ಸಾಮಾನ್ಯ ಐರನ್ ಇದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಶಾಖ ಹೊಂದಿಸುವ ಗುಂಡಿ ಇಲ್ಲದಿದ್ದರೆ ಆಗಾಗ ಸ್ವಿಚ್ ಆರಿಸುತ್ತಿರಿ. ಹೊಗೆ ಎದ್ದರೆ ಪ್ಲಾಸ್ಟಿಕ್ ಕರಗುತ್ತಿಲ್ಲ, ಸುಡುತ್ತಿದೆ. ಸುಟ್ಟ ಭಾಗಕ್ಕೆ ಬಲವಿರುವುದಿಲ್ಲ. ಕಿಟಕಿ ತೆರೆದಿರಲಿ.

ಮೊದಲು ಏನನ್ನೂ ತುಂಬದೆ ಬಿರುಕಿನ ಎರಡೂ ಅಂಚುಗಳನ್ನು ಕರಗಿಸಿ ಕೂಡಿಸಿ. ಬಳಿಕ ಪಟ್ಟಿಯ ಅಥವಾ ಕಡ್ಡಿಯ ತುದಿಯನ್ನೂ ಕಾಲುವೆಯ ತಳವನ್ನೂ ಒಟ್ಟಿಗೆ ಮೆತ್ತಗಾಗಿಸಿ, ಸ್ವಲ್ಪಸ್ವಲ್ಪವಾಗಿ ಒತ್ತುತ್ತ ಮುಂದೆ ಸಾಗಿ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಪಟ್ಟಿ ಮಾತ್ರ ಕರಗಿ ತಣ್ಣನೆಯ ಟ್ಯಾಂಕಿನ ಮೇಲೆ ಬಿದ್ದರೆ ಅದು ಬೆಸುಗೆಯಲ್ಲ, ತೇಪೆ. ಎರಡೂ ಒಂದಕ್ಕೊಂದು ಬೆರೆಯಬೇಕು. ಕೊರೆದ ರಂಧ್ರಗಳನ್ನೂ ತುಂಬಿ. ಅಗಲದ ಬಿರುಕಾದರೆ ಸಣ್ಣ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯ ತುಂಡನ್ನು ಮೆತ್ತಗಾದ ಪ್ಲಾಸ್ಟಿಕ್‌ನೊಳಗೆ ಹುದುಗಿಸಿ ಮೇಲೆ ಇನ್ನೊಂದು ಪದರ ಹಾಕಬಹುದು. ತಾನಾಗಿಯೇ ತಣಿಯಲಿ, ನೀರು ಹಾಕಿ ತಣಿಸುವ ಅವಸರ ಬೇಡ.

ಕರಗಿಸುವಾಗ ಪಕ್ಕದಲ್ಲೇ ಹೊಸ ಬಿರುಕುಗಳು ಮೂಡಿದರೆ ಅಥವಾ ಒತ್ತಿದರೆ ಚೂರು ಉದುರಿದರೆ ಕೆಲಸ ನಿಲ್ಲಿಸಿ. ಬಿಸಿಲು, ಶಾಖಕ್ಕೆ ಪ್ಲಾಸ್ಟಿಕ್ ಪೆಡಸಾಗಿದೆ, ಹೊಸ ಟ್ಯಾಂಕೇ ಬೇಕು.

ನೀರು ತುಂಬಿ ಒಣ ಕಾಗದದ ಮೇಲೆ ರಾತ್ರಿಯಿಡೀ ಇಟ್ಟು ನೋಡಿ. ಕಾಗದ ಒಣಗಿಯೇ ಇದ್ದರೆ ಮತ್ತೆ ಜೋಡಿಸಿ, ಆದರೆ ಬಿರುಕು ಬಂದದ್ದೇಕೆ ಎಂಬುದನ್ನು ಆಗಲೇ ಗಮನಿಸಿ. ಬೋಲ್ಟನ್ನು ಅತಿಯಾಗಿ ಬಿಗಿದಿರಬಹುದು, ಯಾವುದೋ ಲೋಹದ ಅಂಚು ಉಜ್ಜುತ್ತಿರಬಹುದು. ಹಿಮ ಬೀಳುವ ಕಡೆ ವಾಷರ್ ಟ್ಯಾಂಕಿನಲ್ಲಿ ಬರೀ ನೀರಿದ್ದರೆ ಅದು ಹೆಪ್ಪುಗಟ್ಟಿ ಸುಮಾರು 9 ಶೇಕಡ ಹಿಗ್ಗುತ್ತದೆ, ಬೆಸುಗೆ ಎಷ್ಟೇ ಚೆನ್ನಾಗಿದ್ದರೂ ಟ್ಯಾಂಕು ಮತ್ತೆ ಒಡೆಯುತ್ತದೆ. ಅಲ್ಲಿ ಹೆಪ್ಪುಗಟ್ಟದ ವಾಷರ್ ದ್ರವವನ್ನೇ ತುಂಬಬೇಕು.